ಕ್ಯಾಲೆಂಡರ್ ರಟ್ಟಿನ ಪ್ಯಾಕಿಂಗ್

ಹೊನ್ನಾವರದಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ನಾನು ಅವರ ಕಾರಿನ ಡ್ರೈವರಾಗಿದ್ದೆ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದಿರಬೇಕು. ನನಗಾಗ ಇಪ್ಪತ್ತಾರು, ಬಾಯಿಯವರಿಗೆ ನಲವತ್ತು ದಾಟಿತ್ತು. ಮುಂಬಯಿಯಲ್ಲಿ ಕಲಿತು ಅಲ್ಲೇ ಸುಖವಾಗಿ ಇರಬಹುದಾಗಿದ್ದವರು ಊರಿಗೆ ಬಂದು, ಬಂದರಿನ ರಸ್ತೆಯಲ್ಲಿ ಎರಡು ಕೋಣೆಯ ದವಾಖಾನೆ ಇಟ್ಟುಕೊಂಡಿದ್ದರು. ಕಷ್ಟದ ಹೆರಿಗೆ ಎಂದರೆ ಇತ್ತ ಕುಮಟೆಯಿಂದ, ಅತ್ತ ಭಟ್ಕಳದಿಂದ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಕಾರು ಬಾಯಿಯವರ ತಂದೆಯ ಕಾಲದ್ದು. ವಿಲಾಯತಿನಲ್ಲಿ ತಯಾರಾದ ಕರಿ ಬಣ್ಣದ ಗಾಡಿ, ನಾಲ್ಕು ಸಿಲಿಂಡರು. ಸೀಟಿನ ತೊಗಲು ಹರಿದು ಒಳಗಿನ ನಾರು ಹೊರಗೆ ಬಂದಿತ್ತು. ಹಿಂದಿನ ಒಂದು ಬಾಗಿಲನ್ನು ಕತ್ತದ ಹಗ್ಗದಲ್ಲಿ ಕಟ್ಟಿದ್ದೆವು. ಆದರೆ ಇಂಜಿನ್ ಗಟ್ಟಿಯಾಗಿತ್ತು.

ನನಗೆ ಆ ಕೆಲಸ ಕೊಡಿಸಿದವರು ಕುಮಟೆಯ ಮೇಸ್ತ್ರಿ. ಅವರ ಗ್ಯಾರೇಜಿನಲ್ಲಿ ನಾನು ಆರು ವರ್ಷ ಇದ್ದೆ. ನಟ್ಟು ತಿರುಗಿಸುವ ಪಾನಾ ಹಿಡಿಯುವುದರಿಂದ ಹಿಡಿದು ಇಂಜಿನ್ ಇಳಿಸುವವರೆಗೆ ನನಗೆ ಗೊತ್ತಿದ್ದದ್ದೆಲ್ಲ ಅವರು ಕಲಿಸಿದ್ದು. ಗಾಡಿ ಗೇಟಿನಲ್ಲಿ ತಿರುಗುವಾಗಲೇ ಸದ್ದು ಕೇಳಿ ಅದಕ್ಕೆ ಏನಾಗಿದೆ ಎಂದು ಹೇಳಿಬಿಡುತ್ತಿದ್ದರು. ನನ್ನ ಅಪ್ಪ ಗದ್ದೆ ಮತ್ತು ಬದನೆ ಸಸಿಗಳ ಆಚೆ ಏನನ್ನೂ ಕಂಡವನಲ್ಲ. ಮೇಸ್ತ್ರಿಯವರೇ ನನ್ನ ಪಾಲಿಗೆ ದೊಡ್ಡ ಮನುಷ್ಯ. ಅವರು ಹೇಳಿದ್ದು ಸುಳ್ಳಾಗಬಹುದು ಎಂಬ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕಾರಿನ ಇಂಜಿನ್ ಸ್ಲೋದಲ್ಲಿ ನಡೆಯದಾಯಿತು. ಓಡುವಾಗ ಸರಿ, ಎಕ್ಸಿಲೇಟರಿನಿಂದ ಕಾಲು ತೆಗೆದರೆ ಎರಡು ಸಲ ಕೆಮ್ಮಿ ಬಂದಾಗಿಬಿಡುತ್ತಿತ್ತು. ಕುಮಟೆಗೆ ಒಯ್ದೆ. ಮೇಸ್ತ್ರಿ ಬಾನೆಟ್ ಎತ್ತಿ ಅರೆ ನಿಮಿಷ ಕಿವಿಗೊಟ್ಟು, "ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹೋಗದೆ" ಎಂದರು.

ಮ್ಯಾನಿಫೋಲ್ಡ್ ಎಂದರೆ ಕಾರ್ಬುರೇಟರಿನಿಂದ ಹೊರಟ ಗಾಳಿ-ಪೆಟ್ರೋಲನ್ನು ಇಂಜಿನ್ನಿನ ಒಳಕ್ಕೆ ಹಂಚುವ ಬೀಡುಕಬ್ಬಿಣದ ಕೊಳವೆ. ಅದು ಇಂಜಿನ್ನಿಗೆ ಕೂಡುವಲ್ಲಿ ನಡುವೆ ತಾಮ್ರದ ತೆಳು ಹಾಳೆಯ ಪ್ಯಾಕಿಂಗ್ ಕೂರಿಸಿರುತ್ತಾರೆ. ಅದು ಸುಟ್ಟರೆ ಸಂದಿನಿಂದ ಬರಿ ಗಾಳಿ ಒಳಗೆ ನುಗ್ಗುತ್ತದೆ. ಇಂಜಿನ್ನಿಗೆ ಬೇಕಾದಷ್ಟು ಪೆಟ್ರೋಲು ಸಿಕ್ಕದೆ ಅದು ಸ್ಲೋದಲ್ಲಿರುವಾಗ ಬಂದಾಗುತ್ತದೆ. ಅಂಗೈಯಗಲದ ಸಾಮಾನು, ಆದರೆ ಆ ಗಾಡಿಯದ್ದು ಮುಂಬಯಿಯಲ್ಲಿ ಮಾತ್ರ ಸಿಗುತ್ತಿತ್ತು.

ಬಾಯಿಯವರು ಮುಂಬಯಿಯ ತಮ್ಮನಿಗೆ ಕಾಗದ ಬರೆದರು. ಪಾರ್ಸೆಲ್ ನೇರ ಗ್ಯಾರೇಜಿಗೇ ಬಂತು. ಹದಿನೈದು ದಿನ ಬಿಟ್ಟು ಮೇಸ್ತ್ರಿ ಗಾಡಿ ತರಲು ಹೇಳಿ ಕಳಿಸಿದರು. ಹೋದೆ. "ನೀ ಹೋಗಿ ಚಾ ಕುಡ್ಕಂಡು ಬಾ, ಊರಿಗೂ ಹೋಗಿ ಅಬ್ಬೆನ ಮಾತಾಡ್ಸು" ಎಂದು ನನ್ನನ್ನು ಕಳಿಸಿದರು. ಸಂಜೆ ಬಂದಾಗ ಕೆಲಸ ಮುಗಿದಿತ್ತು. ಇಂಜಿನ್ ಸ್ಲೋದಲ್ಲೂ ಬಂದಾಗದೆ ನಡೆಯುತ್ತಿತ್ತು.

"ಹೊಸದೇ ಹಾಕಿದ್ರ?" ಎಂದು ಕೇಳಿದೆ.

"ಮತ್ತೆಂತ ಹಳೇದು ಹಾಕ್ತ್ರ?" ಎಂದು ಅವರು ನಕ್ಕರು. ಆಮೇಲೆ ನನ್ನ ಬೆನ್ನು ತಟ್ಟಿ, "ಹೆಂಗಸ್ರ ಗಾಡಿ ಮಾರಾಯಾ. ಒಳಗೆ ಎಂತ ಅದೆ ಅಂತ ಅವ್ರಿಗೆ ಎಂತ ಗೊತ್ತಾಗ್ತದೆ" ಎಂದರು.

ನಾನೂ ನಕ್ಕೆ. ಇದನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ನಕ್ಕೆ. ಹೊನ್ನಾವರಕ್ಕೆ ಬಂದು ಬಾಯಿಯವರು "ಹೊಸದು ಹಾಕಿದ್ದು ನೀ ನೋಡಿದ್ಯಾ?" ಎಂದು ಕೇಳಿದಾಗ, "ನನ್ನ ಕಣ್ಣೆದುರಿಗೇ ಹಾಕಿದ್ರು ಬಾಯೋರೇ" ಎಂದೆ. ಮೇಸ್ತ್ರಿಯವರ ಕೆಲಸವನ್ನು ಒಬ್ಬ ಹೆಂಗಸು ಸಂಶಯಪಡುವುದು ನನಗೆ ಸೇರಲಿಲ್ಲ. ಅಷ್ಟೇ ಕಾರಣ.

ಒಂದು ತಿಂಗಳು ಗಾಡಿ ಸರಿಯಾಗಿ ಓಡಿತು. ಆಮೇಲೆ ಮತ್ತೆ ಕೆಮ್ಮು ಶುರುವಾಯಿತು. ನಾನು ಪ್ಲಗ್ ತೊಳೆದೆ, ಕಾರ್ಬುರೇಟರ್ ಬಿಚ್ಚಿ ಊದಿದೆ. ಪ್ಯಾಕಿಂಗ್ ಹೊಸದಲ್ಲವೇ? ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಸ್ಲೋ ಸ್ಕ್ರೂವನ್ನು ಬಿಗಿದು ಬಿಗಿದು ಹೇಗೋ ಇಂಜಿನ್ ಬಂದಾಗದಂತೆ ನೋಡಿಕೊಂಡು ನಡೆಸುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಶಿರಾಲಿಯಿಂದ ಒಬ್ಬ ಮನುಷ್ಯ ಬಂದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಗದ್ದೆ ಕೆಲಸದವನು. ಮೊದಲ ಬಸ್ಸಿಗೆ ಹೊಳೆಯಾಚೆಯ ಕಾಸರಕೋಡಿನವರೆಗೆ ಬಂದು ದೋಣಿಯಲ್ಲಿ ಹೊಳೆ ದಾಟಿದ್ದ. ಹೆಂಡತಿ ಹೆತ್ತಿದ್ದಾಳೆ, ಮಗು ಚೆನ್ನಾಗಿದೆ, ಆದರೆ ರಕ್ತ ನಿಲ್ಲುತ್ತಿಲ್ಲ ಎಂದ. ಬಾಯಿಯವರು ಇನ್ನೊಂದು ಮಾತು ಕೇಳಲಿಲ್ಲ. ಚೀಲ ಹಿಡಿದು ಕಾರಿಗೆ ಹತ್ತಿದರು. ಆತನನ್ನೂ ಹಿಂದೆ ಕೂರಿಸಿಕೊಂಡೆವು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿ ಜೋಡಿಸಿ ಮೇಲೆ ಹಲಗೆ ಬಡಿದ ಜಂಗಲಿನ ಮೇಲೆ ಗಾಡಿಗಳು ದಾಟಬೇಕಿತ್ತು. ಹೊನ್ನಾವರದ ಬದಿಯಲ್ಲಿ ಹತ್ತಿಸುವಾಗಲೇ ಇಂಜಿನ್ ಎರಡು ಸಲ ಬಂದಾಯಿತು. ಹ್ಯಾಂಡಲ್ ಹೊಡೆದು ಹತ್ತಿಸಿದೆ. ಆಚೆ ದಡ ಮುಟ್ಟುವಾಗ ಸಮುದ್ರದ ಇಳಿತಕ್ಕೆ ನೀರು ಕೆಳಗೆ ಹೋಗಿತ್ತು. ದಂಡೆಗೆ ಹಾಕಿದ ಎರಡು ಹಲಗೆ ಏಣಿಯಂತೆ ಎದ್ದು ನಿಂತಿದ್ದವು. ಅಲ್ಲಿ ರಭಸದಿಂದ ಏರಿಸುವಂತಿಲ್ಲ. ಒಂದೊಂದು ಅಂಗುಲ ಹತ್ತಿಸಬೇಕು. ಮುಂದಿನ ಗಾಲಿ ಮರಳು ಮುಟ್ಟಿತು. ಕಾಲು ಸ್ವಲ್ಪ ಸಡಿಲಿಸಿದೆ. ಇಂಜಿನ್ ಸತ್ತಿತು. ಬ್ರೇಕು ಹಿಡಿಯುವುದರೊಳಗೆ ಕಾರು ಹಿಂದೆ ಜಾರಿ, ಎಡಗಡೆಯ ಹಿಂದಿನ ಗಾಲಿ ಹಲಗೆಯಿಂದ ಕಳಚಿ ಸಂದಿಗೆ ಬಿತ್ತು. ಇಡೀ ಗಾಡಿ ಓರೆಯಾಗಿ ಜಂಗಲಿನ ಅಂಚಿಗೆ ಹೊಟ್ಟೆ ಕೊಟ್ಟು ಕೂತಿತು.

ಭಟ್ಕಳದ ಬಸ್ಸು ಐದು ನಿಮಿಷದ ಹಿಂದೆ ಹೊರಟಿತ್ತು. ಅದರ ಧೂಳು ಇನ್ನೂ ರಸ್ತೆಯ ಮೇಲಿತ್ತು. ಬಾಯಿಯವರು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ದಂಡೆ ಹತ್ತಿದರು. ಆ ಮನುಷ್ಯ ಅವರ ಜೊತೆ ಹೋಗಲಿಲ್ಲ. ನನ್ನ ಜೊತೆ, ಜಂಗಲಿನವರ ಜೊತೆ ಕಾರಿಗೆ ಹೆಗಲು ಕೊಟ್ಟ. ಕಾರು ಏಳಲಿಲ್ಲ. ಆತ ನನಗೆ ಒಂದು ಮಾತೂ ಬೈಯಲಿಲ್ಲ. "ಇನ್ನೊಂದ್ಸಲ ಎತ್ವ, ಇನ್ನೊಂದ್ಸಲ" ಎನ್ನುತ್ತಿದ್ದ. ಒಂದು ತಾಸು ಕಳೆದ ಮೇಲೆ ಹೆಂಚು ತುಂಬಿದ ಲಾರಿ ಬಂತು. ಬಾಯಿಯವರು ರಸ್ತೆಯ ನಡುವೆ ನಿಂತು ಅದನ್ನು ತಡೆದರು. ಇಬ್ಬರೂ ಹತ್ತಿ ಹೋದರು.

ನಾನು ಕಾರು ಎತ್ತಿಸಿಕೊಂಡು ಶಿರಾಲಿ ತಲುಪಿದಾಗ ಮಧ್ಯಾಹ್ನ ದಾಟಿತ್ತು. ರಸ್ತೆಯಿಂದ ಒಳಗೆ, ಗದ್ದೆಯ ಅಂಚಿನಲ್ಲಿ ಮನೆ. ಬಾಯಿಯವರು ಅಂಗಳದ ಕಲ್ಲಿನ ಮೇಲೆ ಕೂತು ಕೈ ತೊಳೆಯುತ್ತಿದ್ದರು. ಒಳಗೆ ಹೆಂಗಸರು ಅಳುತ್ತಿದ್ದರು. ಮಗು ಬೇರೆಯೇ ದನಿಯಲ್ಲಿ ಅಳುತ್ತಿತ್ತು. ನಾನು ಕೇಳುವ ಮೊದಲೇ ಅವರು ಹೇಳಿದರು.

"ನಾ ಬರೂ ಮೊದ್ಲೇ ಹೋಗಿಬಿಟ್ಟಿದ್ಲು."

"ಒಂದು ತಾಸು ಮೊದ್ಲೇ ಬಂದಿದ್ರೆ..."

"ಗೊತ್ತಿಲ್ಲ. ಅದ್ನ ನನ್ನ ಹತ್ರ ಕೇಳಬೇಡ."

 ಹಿಂದೆ ಬರುವಾಗ ದಾರಿಯುದ್ದಕ್ಕೂ ನಾನು ಒಮ್ಮೆಯೂ ಎಕ್ಸಿಲೇಟರಿನಿಂದ ಕಾಲು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾರ್ಬುರೇಟರ್ ಬಿಚ್ಚಲು ಹೊರಟಾಗ ಬಾಯಿಯವರು ಅಂಗಳಕ್ಕೆ ಬಂದರು. ಕುತ್ತಿಗೆಯಲ್ಲಿ ಸ್ಟೆಥಾಸ್ಕೋಪ್ ಇತ್ತು. ದವಾಖಾನೆಗೆ ಹೊರಟಿದ್ದಾರೆ ಎಂದುಕೊಂಡೆ. "ಇಂಜಿನ್ ಚಾಲು ಮಾಡು, ಬಂದಾಗೂಕೆ ಬಿಡಬೇಡ" ಎಂದರು. ಚಾಲು ಮಾಡಿದೆ. ಅವರು ಎದೆಗೆ ಒತ್ತುವ ಬಿಲ್ಲೆಯನ್ನು ಕಳಚಿ, ಬರಿ ನಳಿಕೆಯ ಬಾಯನ್ನು ಹಿಡಿದು ಇಂಜಿನ್ನಿನ ಮೇಲೆ ಬಾಗಿದರು. ಕಾರ್ಬುರೇಟರಿನ ಬುಡ, ಅದರ ಕೆಳಗೆ, ಮ್ಯಾನಿಫೋಲ್ಡಿನ ಉದ್ದಕ್ಕೂ ನಿಧಾನವಾಗಿ ಸರಿಸಿದರು. ಇಂಜಿನ್ನಿಗೆ ಕೂಡುವ ಹಿಂದಿನ ತುದಿಯ ಹತ್ತಿರ ಕೈ ನಿಂತಿತು.

"ಇಲ್ಲಿ ಗಾಳಿ ಎಳೀತದೆ. ಕೇಳು."

ನಾನು ಕೇಳಿದೆ. ಹಾವು ಬುಸುಗುಟ್ಟಿದಂತೆ ಕೇಳಿತು. ನನಗೆ ಒಪ್ಪಲು ಮನಸ್ಸಿಲ್ಲ. ಎಣ್ಣೆಗಿಂಡಿ ತಂದು ಆ ಸಂದಿಗೆ ನಾಲ್ಕು ಹನಿ ಬಿಟ್ಟೆ. ಎಣ್ಣೆ ಸರಕ್ಕನೆ ಒಳಗೆ ಹೋಯಿತು, ಸಂದು ಮುಚ್ಚಿದ ಆ ಒಂದು ಕ್ಷಣ ಇಂಜಿನ್ ಸರಾಗವಾಗಿ ನಡೆಯಿತು, ಮತ್ತೆ ಕೆಮ್ಮಿತು. ಇನ್ನು ಸಂಶಯ ಉಳಿಯಲಿಲ್ಲ.

"ಬಿಚ್ಚು" ಎಂದರು ಬಾಯಿಯವರು. ದವಾಖಾನೆಗೆ ಹೋಗಲಿಲ್ಲ. ಒಳಗಿನಿಂದ ಮಣೆ ತರಿಸಿಕೊಂಡು ಎದುರಿಗೇ ಕೂತರು.

ನಟ್ಟು ಬಿಚ್ಚಿ ಮ್ಯಾನಿಫೋಲ್ಡ್ ಹೊರಗೆಳೆದೆ. ತಾಮ್ರ ಇರಲಿಲ್ಲ. ದಪ್ಪ ರಟ್ಟು ಕತ್ತರಿಸಿ, ಸಾಬೂನು ಬಳಿದು ಅಂಟಿಸಿದ್ದರು. ಪಕ್ಕದ ಹೊಗೆಕೊಳವೆಯ ಕಾವಿಗೆ ಅರ್ಧ ಸುಟ್ಟು ಕರಕಾಗಿತ್ತು. ಉಳಿದ ಅರ್ಧವನ್ನು ಬಟ್ಟೆಯಲ್ಲಿ ಒರೆಸಿದೆ. ಒಂದು ಬದಿಯಲ್ಲಿ ನೀಲಿ ಬಣ್ಣ, ಅದರ ಮೇಲೆ ಹಳದಿ ಅಂಚು. ನನಗೆ ಆ ಅಂಚು ಗೊತ್ತಿತ್ತು. ಹಿಂದಿನ ವರ್ಷ ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನ ರಟ್ಟು ಅದು. ದಿನಾ ಬೆಳಿಗ್ಗೆ ಅದರ ಮೇಲಿನ ಹಾಳೆ ಹರಿಯುವುದು ನನ್ನ ಕೆಲಸವಾಗಿತ್ತು.

ಬಾಯಿಯವರು ರಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ನಿನ್ನ ಕಣ್ಣೆದುರಿಗೆ ಹಾಕಿದ್ರು ಅಂದಿದ್ದೆ."

"ಸುಳ್ಳು ಹೇಳ್ದೆ ಬಾಯೋರೇ. ನಾ ಅಲ್ಲಿರ್ಲಿಲ್ಲ."

ಅವರು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ರಟ್ಟನ್ನು ನನ್ನ ಕೈಗಿಟ್ಟರು. "ನಾನು ಕೇಳಿದ್ದು ಒಂದೇ ಪ್ರಶ್ನೆ" ಎಂದರು. "ಒಂದೇ ಒಂದು. ಅದಕ್ಕೂ ನಿನ್ನ ಹತ್ರ ಖರೆ ಹೇಳೂಕಾಗ್ಲಿಲ್ಲ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಆ ರಟ್ಟನ್ನು ಕಾಗದದಲ್ಲಿ ಸುತ್ತಿ ಹನ್ನೊಂದರ ಬಸ್ಸಿಗೆ ಕುಮಟೆಗೆ ಹೋದೆ. ಬಸ್ಸಿನಲ್ಲಿ ಕೂತವನಿಗೆ ಮೈಯೆಲ್ಲ ಉರಿಯುತ್ತಿತ್ತು. 

ಮೇಸ್ತ್ರಿ ಒಂದು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ನನ್ನ ಕಾಲು ನೋಡಿಯೇ ಗುರುತು ಹಿಡಿದು, "ಎಂತ ಮಾರಾಯಾ, ಗಾಡಿ ಎಲ್ಲಿ?" ಎನ್ನುತ್ತ ಹೊರಬಂದರು. ನಾನು ರಟ್ಟು ತೆಗೆದು ಅವರ ಮುಖದ ಹತ್ತಿರ ಹಿಡಿದೆ.

"ಇದೆಂತದು?"

ಅವರು ಒಂದು ಕ್ಷಣ ನೋಡಿದರು. ನಾಚಿಕೆಪಡುತ್ತಾರೆ ಎಂದುಕೊಂಡಿದ್ದೆ. ಪಡಲಿಲ್ಲ. "ಅಡ್ಡಿಲ್ಲ, ಎರಡು ತಿಂಗ್ಳು ತಡೀತಲ್ಲ" ಎಂದರು.

"ಮುಂಬಯಿಂದ ಬಂದ ಪ್ಯಾಕಿಂಗ್ ಎಲ್ಲೋತು?"

"ಕಟ್ಟಿಗೆ ಕಂತ್ರಾಟುದಾರರ ಗಾಡಿಗೆ ಹಾಕ್ದೆ. ಅದೂ ಇಂತದ್ದೇ ಗಾಡಿ. ಅವ್ರು ಬಂದು ಎದುರಿಗೇ ಕುಂತ್ಬಿಟ್ರು, ಇವತ್ತೇ ಆಗ್ಬೇಕು ಅಂತ. ಅವ್ರಿಗೆ ಇಲ್ಲ ಅನ್ನೂಕಾತದ್ಯಾ? ಬಾಯೋರಾದ್ರೆ ಸುಮ್ನಿರ್ತ್ರು. ಇನ್ನೊಂದು ತರಿಸಿ ಹಾಕ್ವ ಅಂತ ಮಾಡಿದ್ದೆ, ಮರ್ತ್ಹೋಯ್ತು."

ಬಾಯೋರಾದರೆ ಸುಮ್ಮನಿರುತ್ತಾರೆ.  ಬಡತನಕ್ಕೆ ಮಾಡಿದ್ದರೆ, ಗೊತ್ತಿಲ್ಲದೆ ಮಾಡಿದ್ದರೆ, ನಾನು ಏನೋ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಇದು ಯಾರಿಗೆ ಹೆದರಬೇಕು, ಯಾರಿಗೆ ಹೆದರಬೇಕಿಲ್ಲ ಎಂದು ತೂಗಿ ನೋಡಿ ಮಾಡಿದ ಕೆಲಸ.

ನಾನು ಶಿರಾಲಿಯ ಸಂಗತಿ ಹೇಳಿದೆ. ಜಂಗಲು, ಹಲಗೆ, ಒಂದು ತಾಸು, ಸತ್ತ ಬಾಣಂತಿ. ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಮೇಸ್ತ್ರಿಯವರ ಮುಖ ಸ್ವಲ್ಪ ಇಳಿಯಿತು. ಆದರೆ ಜನ ನೋಡುತ್ತಿದ್ದದ್ದು ಕಂಡು ಸ್ವರ ಏರಿಸಿದರು.

"ಬಾಣಂತಿ ಸತ್ರೆ ಅದಕ್ಕೆ ನಾನಾ? ಹಣೆಬರಹಕ್ಕೆ ಪ್ಯಾಕಿಂಗ್ ಹಾಕೂಕೆ ಆತದ್ಯಾ? ಡ್ರೈವಿಂಗ್ ಬರ್ದೆ ಜಂಗಲಿಂದ ಬೀಳ್ಸಿದಂವ ನೀನು!"

ಪಕ್ಕದ ಪೆಟ್ಟಿಗೆಯ ಮೇಲಿದ್ದ ದೊಡ್ಡ ಪಾನಾ ನನ್ನ ಕೈಗೆ ಯಾವಾಗ ಬಂತೋ ತಿಳಿಯದು. ಎತ್ತಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಲಾರಿಗೆ ಬೆನ್ನು ಹಚ್ಚಿ ನಿಂತರು. ಆ ಕಣ್ಣುಗಳಲ್ಲಿ ಹೆದರಿಕೆ ಕಂಡಿತು. ನನಗೆ ಕಲಿಸಿದ ಮನುಷ್ಯ ನನಗೆ ಹೆದರಿ ನಿಂತದ್ದು ನೋಡಿ ಹೇಸಿಗೆಯಾಯಿತು, ಅವರ ಮೇಲೋ ನನ್ನ ಮೇಲೋ. ಪಾನಾವನ್ನು ನೆಲಕ್ಕೆ ಬೀಸಿ ಒಗೆದು ಹೊರಗೆ ಬಂದೆ. ಆ ಗ್ಯಾರೇಜಿನ ಮೆಟ್ಟಿಲನ್ನು ಮತ್ತೆ ತುಳಿಯಲಿಲ್ಲ.

ಬಾಯಿಯವರಿಗೆ ನಡೆದದ್ದೆಲ್ಲ ಹೇಳಿದೆ, ಪಾನಾ ಎತ್ತಿದ್ದನ್ನೂ ಸೇರಿಸಿ. ಕೆಲಸ ಬಿಡುತ್ತೇನೆ ಎಂದೆ. "ಬಿಟ್ಟು ಹೋಗೂದು ಸುಲಭ" ಎಂದರು. "ಗಾಡಿ ಬಿಚ್ಚಿಟ್ಟಂವ ನೀನು. ಕೂಡಿಸಿಕೊಡು. ಆಮೇಲೆ ನೋಡ್ವ." ಮುಂಬಯಿಗೆ ಮತ್ತೆ ಕಾಗದ ಹೋಯಿತು. ಈ ಸಲ ಪಾರ್ಸೆಲ್ ಅವರ ಹೆಸರಿಗೇ ಬಂತು. ಬರುವವರೆಗಿನ ಮೂರು ವಾರ ಅವರು ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ, ಒಮ್ಮೆ ಹೊಳೆ ನಡುವಿನ ಮಾವಿನಕುರ್ವೆಗೆ ಮೀನಿನ ದೋಣಿಯಲ್ಲಿ ಹೋಗಿ ಬಂದರು. ನಾನು ಚೀಲ ಹೊತ್ತು ಹಿಂದೆ ನಡೆದೆ. ಅಗತ್ಯವಿದ್ದಷ್ಟು ಬಿಟ್ಟು ಅವರು ನನ್ನೊಡನೆ ಮಾತಾಡಲಿಲ್ಲ.

ಪ್ಯಾಕಿಂಗ್ ಬಂದ ದಿನ ಅದನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿದೆವು. ಎರಡು ತಾಮ್ರದ ಹಾಳೆ, ನಡುವೆ ಬಿಳಿ ಕಲ್ನಾರು. ಮೊದಲು ಇಂಜಿನ್ನಿನ ಮೈಗೆ ಅಂಟಿದ್ದ ಸುಟ್ಟ ರಟ್ಟು ಕೆರೆಯಬೇಕಿತ್ತು. ಚೂರು ಒಳಗೆ ಬೀಳದಂತೆ ಇಂಜಿನ್ನಿನ ತೂತುಗಳಿಗೆ ಬಟ್ಟೆ ತುರುಕಿ, ಬ್ಲೇಡಿನಲ್ಲಿ ಒಂದು ಹಗಲಿಡೀ ಕೆರೆದೆ. ಕೆರೆಯುತ್ತ ಹೋದಂತೆ ಸಿಟ್ಟು ಇಳಿಯುವುದರ ಬದಲು ಏರುತ್ತಿತ್ತು. ಆ ಸಿಟ್ಟಿನಲ್ಲೇ ಒಂದು ತಪ್ಪು ಮಾಡಿದೆ. ಉಪ್ಪುಗಾಳಿಗೆ ತುಕ್ಕು ಹಿಡಿದ, ನಟ್ಟು ಕೂರಿಸುವ ಒಂದು ಸ್ಟಡ್ಡನ್ನು, ಸೀಮೆಎಣ್ಣೆ ಬಿಟ್ಟು ಕಾಯುವ ತಾಳ್ಮೆಯಿಲ್ಲದೆ, ಜೋರಾಗಿ ತಿರುಗಿಸಿದೆ. ಅದು ಬುಡಕ್ಕೇ ಮುರಿದು ಅರ್ಧ ಇಂಜಿನ್ನಿನೊಳಗೆ ಉಳಿಯಿತು. ನಾನು ಬ್ಲೇಡು, ಪಾನಾ ಎಲ್ಲ ಎಸೆದು ಅಂಗಳದ ತೆಂಗಿನ ಮರಕ್ಕೆ ಒದ್ದೆ. ಹೆಬ್ಬೆರಳಿನ ಉಗುರು ಕಿತ್ತು ಬಂತು.

ಬಾಯಿಯವರು ಹೊರಬಂದು ಕಾಲಿಗೆ ಪಟ್ಟಿ ಕಟ್ಟಿದರು. "ಆತಾ ನಿನ್ನ ಸಿಟ್ಟು? ಸಿಟ್ಟು ನಂಗೂ ಅದೆ. ನಾ ಅದ್ನ ತಕ್ಕಂಡು ಹೆರಿಗೆ ಕೋಣೆಗೆ ಹೋಗೂದಿಲ್ಲ" ಎಂದರು. ಆ ತಿಂಗಳಲ್ಲಿ ಅವರು ನನಗೆ ಆಡಿದ ಎಲ್ಲಕ್ಕಿಂತ ಉದ್ದನೆಯ ಮಾತು ಅದು.

ಮುರಿದ ಸ್ಟಡ್ಡಿನ ನಡುವೆ ಕೈ ಡ್ರಿಲ್ಲಿನಿಂದ ತೂತು ಕೊರೆದು ಹೊರತೆಗೆಯಲು ಎರಡು ದಿನ ಹಿಡಿಯಿತು. ಕೊನೆಗೆ ಮ್ಯಾನಿಫೋಲ್ಡನ್ನು ಕೂರಿಸಿದೆ. ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಒಂದನ್ನೇ ಪೂರಾ ಬಿಗಿದರೆ ಬೀಡು ಸೀಳುತ್ತದೆ. ಇದನ್ನು ನನಗೆ ಕಲಿಸಿದವರೂ ಆ ಮೇಸ್ತ್ರಿಯೇ. ಪಾನಾ ತಿರುಗಿಸುವಾಗಲೆಲ್ಲ ಅವರ ಸ್ವರ ತಲೆಯೊಳಗೆ ಕೇಳುತ್ತಿತ್ತು, ಅದಕ್ಕೂ ಮೈ ಉರಿಯುತ್ತಿತ್ತು. ಇಂಜಿನ್ ಚಾಲು ಮಾಡಿ ಕಾಯಿಸಿ, ಆರಿಸಿ, ಮತ್ತೊಮ್ಮೆ ಬಿಗಿದೆ. ಬಾಯಿಯವರು ನಳಿಕೆ ಹಿಡಿದು ಸಂದಿನುದ್ದಕ್ಕೂ ಕೇಳಿದರು. ಏನೂ ಇರಲಿಲ್ಲ. "ಆತು" ಎಂದರು. ಕೆಲಸ ಬಿಡುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ವಾರ ಆ ಮಗುವನ್ನು ನೋಡಲು ಶಿರಾಲಿಗೆ ಹೋದೆವು. ಹೆಣ್ಣುಮಗು. ಅಜ್ಜಿಯ ತೊಡೆಯ ಮೇಲಿತ್ತು. ಬಾಯಿಯವರು ಒಳಗಿದ್ದಾಗ ನಾನು ಗದ್ದೆಯ ಅಂಚಿಗೆ ಹೋಗಿ ಆ ಮನುಷ್ಯನಿಗೆ ಎಲ್ಲ ಹೇಳಿದೆ. ರಟ್ಟು, ಕಂತ್ರಾಟುದಾರ, ನಾನು ಹೇಳಿದ ಸುಳ್ಳು. ಯಾರೂ ಹೇಳು ಎಂದಿರಲಿಲ್ಲ. ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ.

ಆತ ಸಸಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳಿದ. 

"ಎಂತಕ್ಕೆ ಹೇಳ್ದೆ ನೀನು?" ಎಂದ. "ಇಷ್ಟು ದಿನ ದೇವ್ರಿಗೆ ಬೈಕಂಡು ಇದ್ದೆ. ಅಂವ ಎಂತಾ ಬೈದ್ರೂ ಕೇಳ್ತ. ಈಗ ನಿನ್ನ ಮುಖ ಕಾಣ್ತದೆ ನಂಗೆ. ಆ ಜಂಗಲ್ ಮೇಲೆ ನಾನು ನಿನ್ನ ಗಾಡಿ ಎತ್ತೂಕೆ ಹೆಗಲು ಕೊಟ್ಟೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ.

"ಹೋಗು. ನೀ ಮತ್ತೆ ಈ ಅಂಗಳಕ್ಕೆ ಬರಬೇಡ. ಬಾಯೋರು ಬರ್ಲಿ. ನೀ ರಸ್ತೆ ಮೇಲೇ ನಿಂತ್ಕ."

ಅವನ ಸಿಟ್ಟು ನ್ಯಾಯವಾದದ್ದು. ನನಗೆ ಅದನ್ನು ಹೊರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆಮೇಲೆ ಆ ಮಗುವಿಗೆ ಜ್ವರ, ಕೆಮ್ಮು ಎಂದು ಬಾಯಿಯವರು ಎಷ್ಟೋ ಸಲ ಹೋದರು. ಪ್ರತಿ ಸಲವೂ ನಾನು ರಸ್ತೆಯ ಮೇಲೇ ಕಾರು ನಿಲ್ಲಿಸಿ ಕೂರುತ್ತಿದ್ದೆ.

ಮೇಸ್ತ್ರಿಯವರಿಗೆ ಪಾರ್ಶ್ವವಾಯು ಬಡಿದದ್ದು ಏಳೆಂಟು ವರ್ಷದ ಮೇಲೆ. ಅವರ ಹೆಂಡತಿ ಹೊನ್ನಾವರಕ್ಕೆ ಬಂದು ಬಾಯಿಯವರ ಕಾಲು ಹಿಡಿದಳು. ಬಾಯಿಯವರು ನನ್ನ ಕಡೆ ನೋಡಿ, "ಗಾಡಿ ತೆಗಿ" ಎಂದರು. ಕುಮಟೆಯಲ್ಲಿ ಅವರ ಮನೆಯ ಎದುರು ನಿಲ್ಲಿಸಿದೆ. ಬಾಯಿಯವರು ಒಳಗೆ ಹೋಗಿ ಒಂದು ತಾಸು ಇದ್ದರು. ಮೇಸ್ತ್ರಿಯವರ ಹೆಂಡತಿ ನನಗೆ ಚಾ ತಂದುಕೊಟ್ಟಳು. ಆರು ವರ್ಷ ಆಕೆಯ ಕೈಯ ಅನ್ನ ಉಂಡವನು ನಾನು. "ನಿನ್ನ ಹೆಸ್ರು ಹೇಳೂಕೆ ನೋಡ್ತ್ರು, ನಾಲಿಗೆ ತಿರಗೂದಿಲ್ಲ. ಒಳಗೆ ಬಾ ಮಗಾ" ಎಂದಳು. ಲೋಟ ತೆಗೆದುಕೊಂಡೆ. ಒಳಗೆ ಹೋಗಲಿಲ್ಲ.

ಬಾಯಿಯವರು ಬಂದು ಕೂತರು. "ಹೋಗಿ ನೋಡಬಹುದಿತ್ತು" ಎಂದರು.

"ನೀವು ನೋಡಿದ್ರಲ್ಲ ಬಾಯೋರೇ."

"ನಾನು ಡಾಕ್ಟರು. ನಂಗೆ ಬೇರೆ ದಾರಿ ಇಲ್ಲ."

"ನಾನು ಡಾಕ್ಟರಲ್ಲ" ಎಂದೆ.

ಅವರು ಒತ್ತಾಯ ಮಾಡಲಿಲ್ಲ. ಚಾದ ಲೋಟವನ್ನು ಜಗಲಿಯ ಮೇಲಿಟ್ಟು ಬಂದು ಗಾಡಿ ತಿರುಗಿಸಿದೆ. ಮೇಸ್ತ್ರಿ ಮೂರು ತಿಂಗಳ ಮೇಲೆ ತೀರಿಕೊಂಡರು. ಸುದ್ದಿ ಬಂದ ದಿನ ಬಾಯಿಯವರಿಗೆ ಭಟ್ಕಳದಿಂದ ಒಂದು ಹೆರಿಗೆಯ ಕರೆ ಬಂದಿತ್ತು. ನಾವು ಕುಮಟೆಗಲ್ಲ, ಭಟ್ಕಳಕ್ಕೆ ಹೋದೆವು.